ನಮ್ಮ ಮನೆಗೆ ಬಂದ ಸನತ್ಕುಮಾರ

ಪ್ರಾಣಿಗಳನ್ನು ಮನೆಯಲ್ಲಿರಿಸಿಕೊಂಡು ಪ್ರೀತಿಯಿಂದ ಸಾಕುವ ವಾಡಿಕೆಯು ನಮ್ಮಲ್ಲಿ ಇಂದು ನಿನ್ನೆಯದಲ್ಲ. ಕಣ್ವಾಶ್ರಮದ ಜಿಂಕೆಯ ಮರಿಯನ್ನೂ, ಬಾಣಭಟ್ಟನ ‘ಕಾದಂಬರಿ’ಯಲ್ಲಿ ಕಥೆಯನ್ನೇ ಹೇಳುವ ಗಿಣಿಯನ್ನೂ, ಮೇಘದೂತದ ಯಕ್ಷನ ಮನೆಯಲ್ಲಿ ಬಳೆಯ ಸದ್ದಿಗೆ ಕುಣಿಯುವ ನವಿಲನ್ನೂ ಬಲ್ಲ ವಾಚಕರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆದರೆ ತಣ್ಣೀರಿನಲ್ಲಿ ವಾಸಿಸುವ, ಹಲ್ಲಿಯ ಆಕಾರದ, ಕಪ್ಪೆಗೆ ಬಂಧುವಾದ ಒಂದು ಜೀವಿಯನ್ನು ಯಾವ ಕಾವ್ಯದಲ್ಲಿಯೂ ಯಾರೂ ಸಾಕಿದುದನ್ನು ನಾನು ಓದಿಲ್ಲ. ಅಂತಹುದೊಂದು 2025ನೆಯ ಇಸವಿಯ ಫೆಬ್ರವರಿ ತಿಂಗಳ ಕೊನೆಯಲ್ಲಿ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿರುವ ನಮ್ಮ ಮನೆಗೆ ಬಂದು, ಎರಡು ತಿಂಗಳ ಕಾಲ ಅತಿಥಿಯಾಗಿದ್ದು ಹೋಯಿತು. ಈಚೆಗೆ ಪಟ್ಟಣಗಳಲ್ಲಿ ಮಕ್ಕಳು ಇಂತಹ ಪ್ರಾಣಿಗಳಿಗಾಗಿ ಹಠ ಹಿಡಿಯುವುದು ಹೆಚ್ಚುತ್ತಿರುವುದರಿಂದ, ಅದರ ವೃತ್ತಾಂತವು ಗೃಹಸ್ಥರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ನನ್ನ ಅಳಿಯನಿಗೆ ಬೆಂಗಳೂರಿನಿಂದ ಈ ಊರಿಗೆ ವರ್ಗವಾಯಿತು. ಬೇರೆ ಮನೆ ಸಿಕ್ಕುವವರೆಗೆ ಎಲ್ಲರೂ ನಮ್ಮಲ್ಲಿಯೇ ಇರತಕ್ಕದ್ದೆಂದು ಗೊತ್ತಾಯಿತು. ಸಾಮಾನುಗಳೆಲ್ಲ ಲಾರಿಯಲ್ಲಿ ಬಂದುವು. ಹತ್ತು ವರ್ಷದ ಮೊಮ್ಮಗಳು ಮಾತ್ರ ಕಾರಿನಲ್ಲಿ ಒಂದು ಥರ್ಮೊಕೋಲ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ಯಾರಿಗೂ ಮುಟ್ಟಗೊಡದೆ ತಂದಳು. ಅದರೊಳಗಿದ್ದುದು ಗುಂಡ. ಒಂದು ಗೇಣಿಗೆ ತುಸು ಹೆಚ್ಚಾದ ಮೈ, ಅರಗಿಸಿದ ಬೆಣ್ಣೆಯಂತಹ ಮಾಸಲು ಬಿಳುಪು ಬಣ್ಣ, ಮುಂಗಾಲಿಗೆ ನಾಲ್ಕು ಮತ್ತು ಹಿಂಗಾಲಿಗೆ ಐದು ಬೆರಳುಗಳು, ರೆಪ್ಪೆಯಿಲ್ಲದ ಪುಟ್ಟ ಕಣ್ಣುಗಳು, ಕತ್ತಿನ ಎರಡು ಕಡೆಯಲ್ಲಿಯೂ ಮೂರು ಮೂರರಂತೆ ಕೆಂಪು ಗರಿಗಳು. ಆ ಗರಿಗಳೇ ಅದರ ಕಿವಿರು. ಬಾಯಿಯ ಸೀಳು ಎಂತಹುದೆಂದರೆ, ಸದಾ ನಮ್ಮನ್ನು ನೋಡಿ ನಗುತ್ತಿರುವಂತೆಯೇ ಕಾಣುವುದು.

“ಇದೇನ್ರೀ, ಹಲ್ಲಿಗೆ ಗರಿ ಬಂದಂಗಿದೆ! ಇದು ಮೈಮೇಲೆ ಬಿದ್ದರೆ ಪಂಚಾಂಗದಲ್ಲಿ ಯಾವ ಫಲ ನೋಡೋದು?” ಎಂದು ನನ್ನ ಮನೆಯವರು ಬಾಗಿಲಿನಲ್ಲಿಯೇ ಕೇಳಿದರು.

“ಅಜ್ಜೀ, ಅದು ನೀರು ಬಿಟ್ಟು ಬರಲ್ಲ. ಬೀಳೋದು ಎಲ್ಲಿಂದ?” ಎಂದು ಮೊಮ್ಮಗಳು ಉತ್ತರ ಕೊಟ್ಟಳು.

ಶಕುನದ ಪ್ರಶ್ನೆ ಅಲ್ಲಿಗೆ ಮುಗಿಯಿತು. ಹೆಸರಿನ ಪ್ರಶ್ನೆ ನನಗೆ ಉಳಿಯಿತು. ಅಮರಕೋಶದಲ್ಲಿ ಕಪ್ಪೆಗೆ ಭೇಕ, ಮಂಡೂಕ, ವರ್ಷಾಭೂ, ಶಾಲೂರ, ಪ್ಲವ, ದರ್ದುರ ಎಂದು ಆರು ಹೆಸರುಗಳಿವೆ. ಮನೆಯ ಹಲ್ಲಿಯು ಗೃಹಗೋಧಿಕೆ; ಓತಿಕೇತವು ಸರಟ ಅಥವಾ ಕೃಕಲಾಸ. ಇಂಗ್ಲಿಷಿನವರು ನ್ಯೂಟ್ ಎಂದೂ ಸ್ಯಾಲಮ್ಯಾಂಡರ್ ಎಂದೂ ಕರೆಯುವ ಈ ವರ್ಗಕ್ಕೆ ಒಂದೂ ಹೆಸರಿಲ್ಲ. ಕಾರಣವು ಸರಳವಾದುದು. ನೀರು ನೆಲಗಳೆರಡನ್ನೂ ಆಶ್ರಯಿಸುವ ಉಭಯವಾಸಿಗಳಲ್ಲಿ ಮೂರು ಮನೆತನಗಳುಂಟು: ಬಾಲವಿಲ್ಲದ ಕಪ್ಪೆಗಳದೊಂದು, ಕಾಲಿಲ್ಲದೆ ದೊಡ್ಡ ಎರೆಹುಳುವಿನಂತೆ ಮಣ್ಣಿನೊಳಗೆ ಬಾಳುವ ಸಿಸೀಲಿಯನ್ನುಗಳದೊಂದು, ಕಾಲೂ ಬಾಲವೂ ಎರಡೂ ಉಳ್ಳ ನ್ಯೂಟುಗಳದೊಂದು. ನಮ್ಮ ಮಲೆನಾಡಿನಲ್ಲಿ ಮೊದಲಿನ ಎರಡೂ ಧಾರಾಳವಾಗಿವೆ. ಮೂರನೆಯದು ಕರ್ಣಾಟಕದಲ್ಲಿಯೇ ಇಲ್ಲ. ಭರತಖಂಡದಲ್ಲಿ ನ್ಯೂಟನ್ನು ಕಾಣಬೇಕಾದರೆ ಪೂರ್ವ ಹಿಮಾಲಯಕ್ಕೆ, ದಾರ್ಜಿಲಿಂಗಿನ ಕಡೆಯ ತಂಪಾದ ಕೊಳಗಳಿಗೆ ಹೋಗಬೇಕು. ಅಲ್ಲಿ ಜೋರ್‌ಪೋಖ್ರಿ ಎಂಬಲ್ಲಿ ಅದಕ್ಕಾಗಿಯೇ 1985ರಲ್ಲಿ ಒಂದು ಪುಟ್ಟ ಅಭಯಾರಣ್ಯವನ್ನು ಮಾಡಿದರು. ಅದನ್ನು ಹಿಡಿಯುವುದೂ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣೆಯ ಕಾನೂನಿನ ಪ್ರಕಾರ ಅಪರಾಧ. ಇದು ಯೋಗ್ಯವಾದುದೆಂದೇ ನನ್ನ ಅಭಿಪ್ರಾಯ.

ಗುಂಡನು ಈ ನ್ಯೂಟುಗಳಿಗೆ ದೂರದ ದಾಯಾದಿ. ಆಕ್ಸೊಲಾಟಲ್ ಎಂದು ಅದರ ಜಾತಿಯ ಹೆಸರು. ಮೆಕ್ಸಿಕೋ ನಗರದ ದಕ್ಷಿಣಕ್ಕಿರುವ ಸೋಚಿಮಿಲ್ಕೋ ಎಂಬ ಕಾಲುವೆ ಸರೋವರಗಳ ಸೀಮೆಯು ಅದರ ತವರು. ಸಮುದ್ರಮಟ್ಟಕ್ಕಿಂತ 2,200 ಮೀಟರುಗಳಿಗೂ ಮೇಲಿರುವ, ವರ್ಷವಿಡೀ ತಂಪಾದ ಪ್ರದೇಶವದು. ಆ ದೇಶದ ಪುರಾಣದಲ್ಲಿ ಶೊಲೊಟ್ಲ್ ಎಂಬ ದೇವತೆಯು ಬಲಿಯಾಗುವುದನ್ನು ತಪ್ಪಿಸಿಕೊಳ್ಳಲು ರೂಪದ ಮೇಲೆ ರೂಪವನ್ನು ತಾಳಿ, ಕಟ್ಟಕಡೆಗೆ ನೀರಿಗಿಳಿದು ಈ ಪ್ರಾಣಿಯಾದನಂತೆ.

1864ರಲ್ಲಿ ಮೆಕ್ಸಿಕೋದಿಂದ ಇಂತಹ ಮೂವತ್ತನಾಲ್ಕು ಪ್ರಾಣಿಗಳನ್ನು ಪ್ಯಾರಿಸಿಗೆ ಒಯ್ದರು. ಅವುಗಳಲ್ಲಿ ಕೆಲವು ಅಲ್ಲಿಯ ಪ್ರಾಣಿಶಾಸ್ತ್ರದ ಪಂಡಿತನಾದ ಓಗುಸ್ತ್ ದ್ಯುಮೆರಿಲ್ ಎಂಬವನ ವಶಕ್ಕೆ ಬಂದುವು. ಅವು ಮೊಟ್ಟೆಯಿಟ್ಟು ಮರಿಮಾಡಿದುವು. ಅಲ್ಲಿಯವರೆಗೆ ಎಲ್ಲವೂ ಸರಿಯೆ. ಆದರೆ ಆ ಮರಿಗಳಲ್ಲಿ ಕೆಲವು ಬೆಳೆಯುತ್ತ ಬೆಳೆಯುತ್ತ ಕಿವಿರನ್ನು ಕಳೆದುಕೊಂಡು, ಬೇರೆಯೇ ಒಂದು ಪ್ರಾಣಿಯೆಂಬಂತೆ ನೆಲಕ್ಕೆ ಹತ್ತಿ ನಡೆದಾಡತೊಡಗಿದುವು! ಆಗ ತಿಳಿದುಬಂದುದೇನೆಂದರೆ, ಆಕ್ಸೊಲಾಟಲ್ ಎಂಬುದು ಬಾಲ್ಯವನ್ನು ದಾಟದೆಯೇ ಬಾಳಿಬಿಡುವ ಪ್ರಾಣಿ. ಗೊದಮೊಟ್ಟೆಯು ಕಪ್ಪೆಯಾಗದೆ ಗೊದಮೊಟ್ಟೆಯಾಗಿಯೇ ಮುದಿಯಾದರೆ ಹೇಗೋ ಹಾಗೆ. ಥೈರಾಯ್ಡ್ ಗ್ರಂಥಿಯ ರಸವು ಸಾಲದಿರುವುದೇ ಇದಕ್ಕೆ ಕಾರಣ. ಜೂಲಿಯನ್ ಹಕ್ಸ್ಲಿಯು 1920ರಲ್ಲಿ ಅದಕ್ಕೆ ಥೈರಾಯ್ಡನ್ನು ತಿನ್ನಿಸಿ ನೆಲಕ್ಕೆ ಹತ್ತಿಸಿ ತೋರಿಸಿದನು.

ಇದನ್ನು ಓದಿದಂದಿನಿಂದ ನಾನು ಗುಂಡನನ್ನು ಸನತ್ಕುಮಾರನೆಂದು ಕರೆಯಲಾರಂಭಿಸಿದೆನು. ಬ್ರಹ್ಮನ ಮಾನಸಪುತ್ರರಾದ ಸನಕಾದಿಗಳು ಎಂದೆಂದಿಗೂ ಐದು ವರ್ಷದ ಬಾಲಕರಾಗಿಯೇ ಇರುವರಲ್ಲವೆ? ಆದರೆ ಅವರು ಸಂಸಾರವನ್ನೊಲ್ಲದ ಬ್ರಹ್ಮಚಾರಿಗಳು. ಈ ಸನತ್ಕುಮಾರನ ಕುಲದವರು ಬಾಲರೂಪದಲ್ಲಿಯೇ ನೂರಾರು ಮೊಟ್ಟೆಗಳ ಸಂಸಾರವನ್ನು ಹೂಡುವರು. ಉಪಮೆಯು ಅಲ್ಲಿ ಕುಂಟುತ್ತದೆ.

ಇನ್ನು ಸಾಕಣೆಯ ವಿಷಯ. ಎರಡೂವರೆ ಅಡಿ ಉದ್ದದ ಗಾಜಿನ ತೊಟ್ಟಿ. ಅಡಿಯಲ್ಲಿ ನಯವಾದ ಮರಳು. ಸಣ್ಣ ಕಲ್ಲುಗಳನ್ನು ಹಾಕಲಾಗದು. ಆಹಾರವನ್ನು ನೀರಿನೊಡನೆ ಒಮ್ಮೆಲೇ ಹೀರುವ ಅಭ್ಯಾಸವುಳ್ಳದ್ದಾದುದರಿಂದ ಕಲ್ಲನ್ನೂ ನುಂಗಿ ಸಾಯುವುದು. ನಲ್ಲಿಯ ನೀರಿನ ಕ್ಲೋರಿನ್ ಅದರ ಕಿವಿರನ್ನು ಸುಡುವುದಾದುದರಿಂದ, ಬಕೀಟಿನಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟ ನೀರನ್ನೇ ಹಾಕಬೇಕು. ಅದರ ಮಲಮೂತ್ರಗಳಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ; ಶೋಧಕದಲ್ಲಿ ನೆಲೆಸಿರುವ ಕಣ್ಣಿಗೆ ಕಾಣದ ಜೀವಾಣುಗಳು ಅದನ್ನು ಅಷ್ಟಾಗಿ ಕೇಡಿಲ್ಲದ ನೈಟ್ರೇಟನ್ನಾಗಿ ಮಾರ್ಪಡಿಸುತ್ತವೆ. ಆದರೂ ವಾರಕ್ಕೊಮ್ಮೆ ಕಾಲು ಭಾಗದ ನೀರನ್ನು ತೆಗೆದು ಹೊಸದನ್ನು ಹಾಕತಕ್ಕದ್ದು. ಸಂಜೆಯ ಹೊತ್ತು ಎರೆಹುಳು. ನೆರೆಮನೆಯ ತಾಯಿಯೊಬ್ಬರು ಕರುಣೆಯಿಂದ, “ಒಂದು ಹಿಡಿ ಮಂಡಕ್ಕಿ ಹಾಕಿ ನೋಡ್ರಿ ಮೇಷ್ಟ್ರೇ, ಮೀನು ತಿಂತಾವಲ್ಲ” ಎಂದರು. ದಾವಣಗೆರೆಯಲ್ಲಿ ಮಂಡಕ್ಕಿಯನ್ನು ಒಲ್ಲೆನೆನ್ನುವ ಜೀವಿಯೊಂದಿದೆಯೆಂದು ನಂಬಿಸುವುದು ಅವರಿಗೆ ಕಷ್ಟವಾಯಿತು.

ಕೈಯಿಂದ ಅದನ್ನು ಮುಟ್ಟಬಾರದು. ಉಭಯವಾಸಿಗಳ ಚರ್ಮವು ನಮ್ಮದರಂತೆ ಬರಿಯ ಹೊದಿಕೆಯಲ್ಲ. ಉಸಿರಾಟದ ಒಂದಂಶವೂ ಅದರ ಮೂಲಕವೇ ನಡೆಯುವುದು. ಬೆವರಿನ ಉಪ್ಪು, ಸಾಬೂನಿನ ಅಂಶ, ಎಲ್ಲವೂ ಒಳಕ್ಕಿಳಿಯುವುವು. ನಿಜವಾದ ನ್ಯೂಟುಗಳಲ್ಲಿ ಅಪಾಯವು ನಮ್ಮ ಕಡೆಗೂ ಉಂಟು: ಚೀನ ಜಪಾನುಗಳ ಕೆಂಪು ಹೊಟ್ಟೆಯ ನ್ಯೂಟುಗಳ ಚರ್ಮದಲ್ಲಿ ವಿಷವಿದೆ, ಅಮೆರಿಕದ ಪಶ್ಚಿಮ ತೀರದ ಒರಟು ಚರ್ಮದ ನ್ಯೂಟಿನಲ್ಲಂತೂ ಮನುಷ್ಯನನ್ನು ಕೊಲ್ಲುವಷ್ಟಿದೆ. ಬಾಯಿಗೆ ಬೆರಳಿಡುವ ಕೂಸುಗಳಿರುವ ಮನೆಗೆ ಅವು ತಕ್ಕುವಲ್ಲ.

ಗುಂಡನ ಎಡಗಡೆಯ ಮುಂಗಾಲು ಬಲಗಡೆಯದಕ್ಕಿಂತ ತುಸು ತೆಳ್ಳಗಿತ್ತು. ಮರಿಯಾಗಿದ್ದಾಗ ಅಂಗಡಿಯ ತೊಟ್ಟಿಯಲ್ಲಿ ಜೊತೆಯ ಮರಿಯೊಂದು ಅದನ್ನು ಕಚ್ಚಿ ತುಂಡರಿಸಿದ್ದಿತಂತೆ; ಮತ್ತೆ ಮೂಳೆ, ಬೆರಳು, ನರಗಳ ಸಮೇತ ಹೊಸ ಕಾಲು ಬೆಳೆಯಿತೆಂದು ಮೊಮ್ಮಗಳು ಹೇಳಿದಳು. ಇದು ಮಕ್ಕಳ ಕಲ್ಪನೆಯಲ್ಲ. ಇಟಲಿಯ ಸ್ಪಲ್ಲಂಜಾನಿ ಎಂಬ ಪಾದ್ರಿಯು 1768ರಲ್ಲಿಯೇ ಈ ಜಾತಿಯವು ಕಾಲು ಬಾಲಗಳನ್ನು ಮರಳಿ ಬೆಳೆಸಿಕೊಳ್ಳುವುದನ್ನು ಪ್ರಕಟಿಸಿದ್ದನು. ಕಾಲನ್ನು ಮರಳಿ ಪಡೆಯಬಲ್ಲ ಈ ಪ್ರಾಣಿಯು ಹತ್ತು ಡಿಗ್ರಿಯ ಸೆಕೆಯನ್ನು ಮಾತ್ರ ತಾಳಲಾರದು.

ಅದಕ್ಕೆ ಹಿತವಾದ ನೀರೆಂದರೆ 16ರಿಂದ 18 ಡಿಗ್ರಿ ಸೆಲ್ಸಿಯಸ್. 20 ಆದರೂ ನಡೆಯುತ್ತದೆ. 24ನ್ನು ಮೀರಿದರೆ ಜೀವಕ್ಕೆ ಕುತ್ತು. ಬೆಂಗಳೂರಿನ ಮನೆಯಲ್ಲಿ ಹೇಗೋ ನಡೆದುಹೋಗಿತ್ತು. ದಾವಣಗೆರೆಯ ಬೇಸಗೆಯನ್ನು ಬಲ್ಲವರಿಗೆ ನಾನು ಮುಂದೆ ಹೇಳಲಿರುವುದು ಈಗಲೇ ಅರ್ಥವಾಗಿರಬೇಕು. ಮಾರ್ಚಿ ತಿಂಗಳ ನಡುವಿಗೆ ತೊಟ್ಟಿಯ ನೀರು ಬೆಳಿಗ್ಗೆ 24, ಮಧ್ಯಾಹ್ನ ಮೂರು ಗಂಟೆಗೆ 29. ಮೊಮ್ಮಗಳು ಒಂದು ನೋಟುಪುಸ್ತಕದಲ್ಲಿ ಗೆರೆ ಎಳೆದು ದಿನಕ್ಕೆ ಮೂರು ಸಲ ಈ ಅಂಕೆಗಳನ್ನು ಬರೆದಿಡುತ್ತಿದ್ದಳು. ನೀರು ಬಿಸಿಯಾದಷ್ಟೂ ಶೀತರಕ್ತದ ಪ್ರಾಣಿಗೆ ಉಸಿರಿನ ಅವಶ್ಯಕತೆಯು ಹೆಚ್ಚುತ್ತದೆ. ಅದೇ ವೇಳೆಗೆ ನೀರಿನಲ್ಲಿರುವ ಪ್ರಾಣವಾಯುವು ಕಡಮೆಯಾಗುತ್ತದೆ. 15 ಡಿಗ್ರಿಯಲ್ಲಿ ಒಂದು ಲೀಟರು ನೀರಿನಲ್ಲಿ ಸುಮಾರು 10 ಮಿಲಿಗ್ರಾಂ ಪ್ರಾಣವಾಯು ಇರಬಲ್ಲುದಾದರೆ, 30ರಲ್ಲಿ ಏಳೂವರೆಯಷ್ಟು ಮಾತ್ರ. ಆದಾಯವಿಳಿದು ಖರ್ಚು ಏರಿದ ಸಂಸಾರದಂತೆ.

ನೀರನ್ನು ತಂಪುಮಾಡುವ ಯಂತ್ರವೊಂದು ದೊರೆಯುತ್ತದೆ. ಅದರ ಬೆಲೆಯನ್ನು ಕೇಳಿ ಅಳಿಯನು ಸುಮ್ಮನಾದನು. ಕರೆಂಟು ಹೋದರೆ ಅದೂ ನಿಲ್ಲುವುದೇ ತಾನೆ. ತೊಟ್ಟಿಯನ್ನು ಮಹಡಿಯಿಂದಿಳಿಸಿ ನಡುಮನೆಯ ಕತ್ತಲೆಯ ಮೂಲೆಗೆ ತಂದೆವು. ನನ್ನ ಮನೆಯವರು ಅಟ್ಟದ ಮೇಲಿದ್ದ ತಾಮ್ರದ ಹಂಡೆಯನ್ನು ತೆಗೆಸಿ, ಅದರಲ್ಲಿ ನೀರು ತಣ್ಣಗಿರುತ್ತದೆಂದರು. ನಮಗೆ ಶ್ರೇಷ್ಠವೆನಿಸಿದ ತಾಮ್ರವು ಕಿವಿರಿನ ಪ್ರಾಣಿಗಳಿಗೆ ವಿಷ; ಆದುದರಿಂದ ಹಂಡೆಯು ಅಟ್ಟಕ್ಕೆ ಮರಳಿತು. ಆಗ ನನಗೆ ಅರವಟ್ಟಿಗೆಯ ಹರವಿಯು ನೆನಪಾಯಿತು. ಮಣ್ಣಿನ ಸೂಕ್ಷ್ಮರಂಧ್ರಗಳಿಂದ ಜಿನುಗುವ ನೀರು ಒಣಗಾಳಿಗೆ ಆರಿಹೋಗುವಾಗ ಒಳಗಿನ ನೀರಿನ ಶಾಖವನ್ನೂ ಹೊತ್ತುಕೊಂಡು ಹೋಗುತ್ತದೆ. ಬಾಯಗಲದ ಎರಡು ಹರವಿಗಳನ್ನು ತರಿಸಿ, ಮೂರು ದಿನ ನೆನೆಹಾಕಿ, ಗುಂಡನನ್ನು ಒಂದಕ್ಕೆ ಬಿಟ್ಟೆವು. ಹರವಿಗೆ ಶೋಧಕವಿಲ್ಲವಾದುದರಿಂದ ದಿನವೂ ಅರ್ಧ ನೀರನ್ನು ಬದಲಾಯಿಸುವ ಕೆಲಸವು ನನ್ನ ಪಾಲಿಗೆ ಬಂದಿತು. ಆದರೆ ಫಲ ಕಂಡಿತು: ತೊಟ್ಟಿಯಲ್ಲಿ 30 ಇರುವಾಗ ಹರವಿಯಲ್ಲಿ 25.

ಉಳಿದುದನ್ನು ಮಂಜುಗಡ್ಡೆಯಿಂದ ಸಾಧಿಸಬೇಕಾಯಿತು. ಮುಚ್ಚಳ ಬಿಗಿದ ಬಾಟಲಿಗಳಲ್ಲಿ ನೀರನ್ನು ಗಟ್ಟಿಮಾಡಿ, ಬಾಟಲಿಯ ಸಮೇತವಾಗಿ ಹರವಿಯಲ್ಲಿ ತೇಲಿಬಿಡುವುದು. ಒಮ್ಮೆಲೇ ಎರಡನ್ನು ಹಾಕಿದರೆ ನೀರು ತಟಕ್ಕನೆ ತಣಿದು ಅದೂ ಪೆಟ್ಟೇ. ಹನ್ನೊಂದಕ್ಕೊಂದು, ಎರಡಕ್ಕೊಂದು, ಐದಕ್ಕೊಂದು. ಹಲ್ಲಿಯೆಂದು ಮೂಗು ಮುರಿದಿದ್ದ ನನ್ನ ಮನೆಯವರೇ ಹಾಲಿನ ಪಾತ್ರೆಯನ್ನು ಬದಿಗೆ ಸರಿಸಿ ಫ್ರಿಜ್ಜಿನಲ್ಲಿ ಆರು ಬಾಟಲಿಗಳಿಗೆ ಸ್ಥಳ ಮಾಡಿಕೊಟ್ಟರು. ಮಧ್ಯಾಹ್ನದ ನಿದ್ದೆಯಿಂದ ಎರಡು ಗಂಟೆಗೆ ಸರಿಯಾಗಿ ಏಳುತ್ತಿದ್ದವರೂ ಅವರೇ. ಹೀಗೆ ಏಪ್ರಿಲ್ ಮೊದಲ ಹದಿನೈದು ದಿನಗಳು 21, 22ರ ಅಂಕೆಗಳಲ್ಲಿ ಕಳೆದುವು.

ಈ ದಿನಗಳಲ್ಲಿ ನನಗೆ ಶತಪಥ ಬ್ರಾಹ್ಮಣದ ಮನುವಿನ ಕಥೆಯು ಬಾರಿಬಾರಿಗೂ ನೆನಪಾಗುತ್ತಿತ್ತು. ಕೈತೊಳೆಯುವ ನೀರಿನಲ್ಲಿ ಸಿಕ್ಕಿದ ಪುಟ್ಟ ಮೀನನ್ನು ಮನುವು ಮೊದಲು ಕೊಡದಲ್ಲಿಟ್ಟನು. ಅದು ಸಾಲದಾದಾಗ ಹೊಂಡವನ್ನು ತೋಡಿ ಬಿಟ್ಟನು. ಅದೂ ಸಾಲದಾದಾಗ ಸಮುದ್ರಕ್ಕೆ ಒಯ್ದನು. ಪ್ರಳಯ, ನೌಕೆಗಳ ಗದ್ದಲದಲ್ಲಿ ನಾವು ಈ ಭಾಗವನ್ನು ಮರೆಯುತ್ತೇವೆ. ಪ್ರತಿಸಲವೂ ಬದಲಾದುದು ಪಾತ್ರೆ. ನನ್ನ ಕೊಡಕ್ಕೆ ತಕ್ಕಷ್ಟೇ ಬೆಳೆ ಎಂದು ಮನುವು ಮೀನಿಗೆ ಹೇಳಲಿಲ್ಲ.

ಏಪ್ರಿಲ್ ಮೂರನೆಯ ವಾರದಲ್ಲಿ ಅಶ್ವಿನಿ ಮಳೆಯು ನಾಲ್ಕು ಹನಿ ಉದುರಿಸಿತು. ಊರಿಗೆಲ್ಲ ಸಂತೋಷ, ನಮಗೆ ಮಾತ್ರ ಅದರಿಂದಲೇ ಕೇಡಾಯಿತು. ಗಾಳಿಯಲ್ಲಿ ತೇವವೇರಿದೊಡನೆ ಹರವಿಯ ನೀರು ಆರುವುದು ನಿಂತಿತು, ಆರದಿದ್ದಮೇಲೆ ತಣಿಯುವುದೆಲ್ಲಿಂದ? ಸಿಡಿಲಿನ ಭಯಕ್ಕೆ ಕರೆಂಟನ್ನೂ ಗಂಟೆಗಟ್ಟಲೆ ತೆಗೆದರು. ಫ್ರಿಜ್ಜಿನಲ್ಲಿ ಬಾಟಲಿಗಳು ಗಟ್ಟಿಯಾಗಲಿಲ್ಲ. ನೋಟುಪುಸ್ತಕದಲ್ಲಿ 26, 27, 28 ಎಂದು ಅಂಕೆಗಳು ಏರಿದುವು. ಗುಂಡನು ಎರೆಹುಳುವನ್ನು ಬಾಯಿಗೆ ತಗಲಿಸಿದರೂ ತಿರುಗಿ ನೋಡದಾದನು. ಕಿವಿರಿನ ಕೆಂಪು ಮಾಸಿತು. ಬಾಲದ ತುದಿಯು ಕೊಕ್ಕೆಯಂತೆ ಬಾಗಿತು. ತಳದಲ್ಲಿ ಮಲಗಿರುತ್ತಿದ್ದವನು ಮತ್ತೆಮತ್ತೆ ಮೇಲಕ್ಕೆ ಬಂದು ಗಾಳಿಯನ್ನು ನುಂಗುತ್ತಿದ್ದನು. ಬಾಯಿ ಮಾತ್ರ ಮೊದಲಿನಂತೆಯೇ ನಗುತ್ತಿದ್ದಿತು. ಅದನ್ನು ನೋಡುವುದೇ ನನಗೆ ಎಲ್ಲಕ್ಕಿಂತ ಸಂಕಟವಾಗುತ್ತಿತ್ತು.

ಐದನೆಯ ದಿನ ರಾತ್ರಿ ಮೊಮ್ಮಗಳು ನೋಟುಪುಸ್ತಕವನ್ನು ತಂದು ನನ್ನ ಮುಂದೆ ಕುಳಿತಳು. ಅವಳ ತಾಯಿತಂದೆಗಳು ಏನು ಹೇಳುವುದೆಂದು ಎರಡು ದಿನಗಳಿಂದ ಯೋಚಿಸುತ್ತಿದ್ದರು, ನಾನೂ ಯೋಚಿಸುತ್ತಿದ್ದೆನು.

“ಅಜ್ಜಾ, ಮೇ ತಿಂಗಳು ಇನ್ನೂ ಪೂರ್ತಿ ಇದೆ ಅಲ್ವಾ?”

“ಇದೆಯಮ್ಮ.”

“ಮುಂದಿನ ವರ್ಷಾನೂ ಹಿಂಗೇ ಬರುತ್ತಲ್ವಾ ಬ್ಯಾಸಿಗೆ?”

“ಬರುತ್ತೆ.”

ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಬೆಂಗಳೂರಿನ ತನ್ನ ಗೆಳತಿಯೊಬ್ಬಳ ಹೆಸರು ಹೇಳಿ, ಅವರ ಮನೆಯಲ್ಲಿ ಇಂತಹವೇ ಎರಡು ಇರುವುವೆಂದೂ, ತಂಪುಯಂತ್ರವೂ ಇದೆಯೆಂದೂ, ಅವರನ್ನು ತಾನೇ ಕೇಳುವೆನೆಂದೂ ಹೇಳಿ, ಅತ್ತಳು. ಇಂತಹ ಪ್ರಾಣಿಯನ್ನು ಮನಸ್ಸಿಗೆ ಬಂದಂತೆ ಕೈಬದಲಾಯಿಸುವಂತಿಲ್ಲವೆಂಬುದು ಅನೇಕರಿಗೆ ತಿಳಿಯದು. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳನ್ನು ಮನೆಯಲ್ಲಿಟ್ಟುಕೊಂಡವರು ಸರ್ಕಾರಕ್ಕೆ ತಿಳಿಸಿ ನೋಂದಣಿ ಮಾಡಿಸಬೇಕೆಂದು 2022ರಲ್ಲಿ ತಿದ್ದಿದ ಕಾನೂನೂ 2024ರ ನಿಯಮಗಳೂ ವಿಧಿಸುತ್ತವೆ. ಆಕ್ಸೊಲಾಟಲ್ ಆ ಪಟ್ಟಿಯಲ್ಲಿದೆ. ಅಳಿಯನು 2024ರಲ್ಲಿಯೇ ನೋಂದಣಿ ಮಾಡಿಸಿದ್ದುದರಿಂದ ಕಾಗದಪತ್ರದ ಕೆಲಸವು ತೊಡಕಿಲ್ಲದೆ ಸಾಗಿತು. ಏಪ್ರಿಲ್ ಕೊನೆಯ ವಾರದ ಒಂದು ರಾತ್ರಿ, ಅದೇ ಥರ್ಮೊಕೋಲ್ ಪೆಟ್ಟಿಗೆಯಲ್ಲಿ, ಬಟ್ಟೆ ಸುತ್ತಿದ ಎರಡು ಮಂಜಿನ ಬಾಟಲಿಗಳ ನಡುವೆ ಸನತ್ಕುಮಾರನು ಬೆಂಗಳೂರಿಗೆ ಹೊರಟನು. ತಂದೆಯ ಜೊತೆಗೆ ಅವಳೂ ಹೋಗಿ ಬಿಟ್ಟುಬಂದಳು.

ಈ ಮಧ್ಯೆ ಮನೆಗೆ ಬಂದ ಹಿತೈಷಿಯೊಬ್ಬರು, “ಇಷ್ಟೆಲ್ಲ ಯಾಕೆ? ಕುಂದವಾಡ ಕೆರೆಗೆ ಬಿಟ್ಟರೆ ಪುಣ್ಯ ಬರುತ್ತೆ” ಎಂದಿದ್ದರು. ಈ ಪುಣ್ಯದ ಮಾತನ್ನು ಮಾತ್ರ ವಾಚಕರು ಎಂದಿಗೂ ಕೇಳಬಾರದೆಂದು ಬೇಡುತ್ತೇನೆ. ಗುಂಡನು ಆ ಬಿಸಿನೀರಿನಲ್ಲಿ ಸಾಯುತ್ತಿದ್ದನೆಂಬುದೊಂದು. ತಡೆದುಕೊಳ್ಳಬಲ್ಲ ಬೇರೊಂದು ಜೀವಿಯಾದರೆ ಕೆರೆಯನ್ನೇ ನುಂಗುವುದೆಂಬುದು ಇನ್ನೊಂದು. ಸೋಚಿಮಿಲ್ಕೋದಲ್ಲಿಯೇ ಆದುದನ್ನು ನೋಡಿರಿ. ಜನರ ಆಹಾರಕ್ಕೆಂದು ಹೊರಗಿನ ಗೆಂಡೆ ಮೀನನ್ನೂ ಟಿಲಾಪಿಯಾ ಮೀನನ್ನೂ ಅಲ್ಲಿ ಬಿಟ್ಟರು. ನಮ್ಮ ಕಡೆ ಜಿಲೇಬಿ ಮೀನೆಂದು ಮಾರುವರಲ್ಲ, ಆ ಟಿಲಾಪಿಯಾ. ಅವು ಆಕ್ಸೊಲಾಟಲಿನ ಮೊಟ್ಟೆ ಮರಿಗಳನ್ನು ತಿಂದುವು. ಪಟ್ಟಣದ ಹೊಲಸು ಉಳಿದುದನ್ನು ಮಾಡಿತು. 1998ರಲ್ಲಿ ಒಂದು ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದುವು 2014ರ ಗಣತಿಯಲ್ಲಿ ಸುಮಾರು 36ಕ್ಕೆ ಇಳಿದಿದ್ದುವು. ಗಾಜಿನ ತೊಟ್ಟಿಗಳಲ್ಲಿ ಲೋಕದಾದ್ಯಂತ ಲೆಕ್ಕವಿಲ್ಲದಷ್ಟು, ತವರಿನಲ್ಲಿ ಕೈಬೆರಳೆಣಿಕೆ! ರೋಗದ ಭಯವೂ ಕಡಮೆಯದಲ್ಲ. ಏಷ್ಯದ ನ್ಯೂಟುಗಳ ಮೈಮೇಲಿನ ಒಂದು ಬೂಷ್ಟು ಸಾಕುಪ್ರಾಣಿಗಳ ವ್ಯಾಪಾರದ ಮೂಲಕ ಯೂರೋಪಿಗೆ ಹೋಗಿ, ಹಾಲೆಂಡಿನ ಸ್ಯಾಲಮ್ಯಾಂಡರುಗಳನ್ನು ಹೆಚ್ಚುಕಡಮೆ ನಿರ್ನಾಮ ಮಾಡಿತು. 2013ರಲ್ಲಿ ಆ ಬೂಷ್ಟನ್ನು ಗುರುತಿಸಿ ಹೆಸರಿಟ್ಟರು. ನಮ್ಮ ಮಲೆನಾಡಿನ ಕಪ್ಪೆಗಳಿಗೆ ಯಾವ ತೊಟ್ಟಿಯ ನೀರಿನಿಂದ ಯಾವ ರೋಗ ಬಂದೀತೋ! ತೊಟ್ಟಿಯನ್ನು ತೊಳೆದ ನೀರನ್ನು ಕೂಡ ಚರಂಡಿಗೆ ಚೆಲ್ಲದೆ ಒಣನೆಲದ ಮೇಲೆ ಬಿಸಿಲಿಗೆ ಸುರಿಯುವುದು ಲೇಸು.

ಬೆಂಗಳೂರಿನ ಗೆಳತಿಯು ಭಾನುವಾರಕ್ಕೊಮ್ಮೆ ನೀರಿನ ಅಂಕೆಯನ್ನು ಬರೆದು ಕಳುಹಿಸುತ್ತಾಳೆ. ಮೊದಲ ವಾರ 18. ಗುಂಡನು ಏನನ್ನೂ ತಿನ್ನಲಿಲ್ಲ. ಎರಡನೆಯ ವಾರ 17; ಅರ್ಧ ಎರೆಹುಳು. ಮೂರನೆಯ ವಾರ ಬಾಲ ನೆಟ್ಟಗಾಯಿತೆಂದೂ, ಎರಡು ಹುಳುಗಳನ್ನು ನುಂಗಿ ಮೂರನೆಯದಕ್ಕೆ ಬಾಯಿ ತೆರೆದನೆಂದೂ ಬಂದಿತು. ಅವೆಲ್ಲವೂ ಹಳೆಯ ನೋಟುಪುಸ್ತಕದಲ್ಲಿಯೇ, ನಮ್ಮ 28ರ ಕೆಳಗೆ, ದಾಖಲಾಗಿವೆ.

ಜೂನಿನಲ್ಲಿ ಮಳೆ ಹಿಡಿಯಿತು. ಮೊದಲ ದೊಡ್ಡ ಮಳೆಯ ರಾತ್ರಿ ಹಿತ್ತಿಲಿನ ಹಳೆಯ ಕಲ್ಲುಬಾನಿಯ ಬಳಿ ನೆಲಗಪ್ಪೆಗಳ ಗಲಭೆಯೋ ಗಲಭೆ. ಋಗ್ವೇದದ ಏಳನೆಯ ಮಂಡಲದಲ್ಲಿ, ವರ್ಷವಿಡೀ ವ್ರತದಲ್ಲಿದ್ದ ಬ್ರಾಹ್ಮಣರಿಗೆ ಕಪ್ಪೆಗಳನ್ನು ಹೋಲಿಸಿದ ಸೂಕ್ತವೊಂದಿದೆ; ಅದನ್ನು ಎಷ್ಟೋ ವರ್ಷ ಪಾಠ ಹೇಳಿದ್ದ ನಾನು ಟಾರ್ಚು ಹಿಡಿದು ಹೋಗಿ ನೋಡಿದುದು ಅಂದೇ ಮೊದಲು. ಬೆಳಿಗ್ಗೆ ಬಾನಿಯ ನೀರಿನಲ್ಲಿ ಕರಿಮಣಿಯ ಸರದಂತೆ ಮೊಟ್ಟೆಗಳ ಎರಡು ಎಳೆಗಳಿದ್ದುವು. ನಾವು ಅದಕ್ಕೆ ಏನನ್ನೂ ಮಾಡಲಿಲ್ಲ. ಬಾನಿಯನ್ನು ತೊಳೆಯಬಾರದೆಂದು ಕೆಲಸದವಳಿಗೆ ಹೇಳಿದೆವು, ಅಷ್ಟೆ. ಕೆಲವು ದಿನಗಳಲ್ಲಿ ಮರಿಗಳು ಒಡೆದುವು. ಗುಂಡನಿಗಿದ್ದಂತಹ ಹೊರಗಿವಿರು ಇವಕ್ಕೂ ಎರಡು ಮೂರು ದಿನ ಇದ್ದು ಮಾಯವಾಯಿತು. ಹಿಂಗಾಲು ಮೊದಲು, ಮುಂಗಾಲು ಆಮೇಲೆ. ಮೊಮ್ಮಗಳು ಹಗಲೆಲ್ಲ ಬಾನಿಯ ಬಳಿಯಲ್ಲಿಯೇ. ಒಂದು ಬಿಸಿಲಿನ ಮಧ್ಯಾಹ್ನ ಅವಳು ಥರ್ಮಾಮೀಟರನ್ನು ಅದ್ದಿ, “ಮೂವತ್ತೊಂದು!” ಎಂದು ಕೂಗಿದಳು. ಮರಿಗಳು ಬಾಲ ಬಡಿಯುತ್ತ ಪಾಚಿಯನ್ನು ಕೆರೆಯುತ್ತಲಿದ್ದುವು.

ಅಡುಗೆಮನೆಯಿಂದ ನನ್ನ ಮನೆಯವರು ಸೆರಗಿಗೆ ಕೈಯೊರಸಿಕೊಳ್ಳುತ್ತ ಹೊರಗೆ ಬಂದು, “ಬಾಟಲಿ ಒಂದು ಗಟ್ಟಿಯಾಗಿದೆ, ತರಲೇನೇ?” ಎಂದು ಕೇಳಿದರು.